ಶಸ್ತ್ರಚಿಕಿತ್ಸೆಗೆ ಮುನ್ನ ಸಂಗೀತ

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನಡೆಯುವುದನ್ನು ರೋಗಿಯು ಬಹುಮಟ್ಟಿಗೆ ಅರಿಯನು. ಅರಿವಳಿಕೆಯು ಅವನನ್ನು ಆ ನೋಟದಿಂದ ಪಾರುಮಾಡುತ್ತದೆ. ಅವನು ಪೂರ್ಣ ಎಚ್ಚರದಲ್ಲಿ ಅನುಭವಿಸುವುದು ಅದಕ್ಕೆ ಮುಂಚಿನ ಒಂದೆರಡು ಗಂಟೆಗಳನ್ನು. ಹೊಟ್ಟೆ ಬರಿದು, ಮೈಮೇಲೆ ಆಸ್ಪತ್ರೆಯ ಬಟ್ಟೆ, ನೆಂಟರು ಬಾಗಿಲಾಚೆ. ಈ ಹೊತ್ತಿನ ಭಯವನ್ನು 'ಹೆದರಬೇಡಿ' ಎಂಬ ಒಂದು ಮಾತಿನಿಂದ ತಳ್ಳಿಹಾಕುವುದು ವಾಡಿಕೆ. ಆದರೆ ಭಯವು ಮನಸ್ಸಿನಲ್ಲಿಯೇ ನಿಲ್ಲುವುದಿಲ್ಲ. ಅಡ್ರಿನಲಿನ್ ರಕ್ತಕ್ಕೆ ಸೇರಿ ನಾಡಿ ತೀವ್ರವಾಗುತ್ತದೆ, ರಕ್ತದೊತ್ತಡ ಏರುತ್ತದೆ. ಬಹಳ ಹೆದರಿದವರಿಗೆ ಅರಿವಳಿಕೆಯ ಮದ್ದು ಹೆಚ್ಚು ಬೇಕಾಗುವುದೂ ಉಂಟು.

ಇಲ್ಲಿ ಸಂಗೀತದಿಂದ ಪ್ರಯೋಜನವಿದೆಯೆ ಎಂಬ ಪ್ರಶ್ನೆ ಹೊಸದಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇವಾನ್ ಓನೀಲ್ ಕೇನ್ ಎಂಬ ಶಸ್ತ್ರವೈದ್ಯನು ಶಸ್ತ್ರಚಿಕಿತ್ಸೆಯ ಕೋಣೆಗೆ ಫೋನೋಗ್ರಾಫ್ ತರಿಸಿ, ಅದರಿಂದ ರೋಗಿಗಳ ಮನಸ್ಸು ಭಯದಿಂದ ಬೇರೆಡೆಗೆ ತಿರುಗುವುದನ್ನು ಕಂಡು, 1914ರಲ್ಲಿ ಅಲ್ಲಿಯ ವೈದ್ಯಸಂಘದ ಪತ್ರಿಕೆಯಲ್ಲಿ ಬರೆದನು. (1921ರಲ್ಲಿ ತನ್ನ ಅಪೆಂಡಿಕ್ಸನ್ನು ತಾನೇ ಕತ್ತರಿಸಿ ತೆಗೆದ ಸಾಹಸಿಯೂ ಈತನೇ. ಎಚ್ಚರವಿರುವ ರೋಗಿಯ ಪಾಡನ್ನು ಇವನಷ್ಟು ಬಲ್ಲ ವೈದ್ಯರು ವಿರಳ!) ಆದರೆ ಒಬ್ಬ ವೈದ್ಯನ ಅನುಭವವು ಪ್ರಮಾಣವಾಗಲಾರದು. ಅಳತೆ ಬೇಕು.

ಆತಂಕವನ್ನು ಅಳೆಯಲು ಸ್ಪೀಲ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದ ಪ್ರಶ್ನಾವಳಿಯೊಂದಿದೆ. ಅದರಲ್ಲಿ 20 ವಾಕ್ಯಗಳು. ಅಂಕಗಳು 20ರಿಂದ 80ರವರೆಗೆ. 2013ರಲ್ಲಿ ಕಾಕ್ರೇನ್ ಸಂಸ್ಥೆಯು 26 ಪ್ರಯೋಗಗಳನ್ನು, ಅಂದರೆ 2,051 ರೋಗಿಗಳ ವಿವರಗಳನ್ನು, ಒಟ್ಟುಗೂಡಿಸಿ ನೋಡಿತು. ಶಸ್ತ್ರಚಿಕಿತ್ಸೆಗೆ ಮುನ್ನ ಸಂಗೀತ ಕೇಳಿದವರ ಆತಂಕವು ಈ ಪ್ರಶ್ನಾವಳಿಯಲ್ಲಿ, ಕೇಳದವರಿಗಿಂತ ಸರಾಸರಿ 5.72 ಅಂಕಗಳಷ್ಟು ಹೆಚ್ಚಾಗಿ ಇಳಿದಿತ್ತು. ನಾಡಿಯ ವೇಗದಲ್ಲಿ ಆದ ಇಳಿಕೆ ಅಲ್ಪ. ಇಲ್ಲಿ ಒಂದು ತೊಡಕನ್ನು ಮರೆಯಬಾರದು. ಸಕ್ಕರೆಯ ಮಾತ್ರೆಯನ್ನು ಔಷಧವೆಂದು ಕೊಡಬಹುದು. ಆದರೆ ಸಂಗೀತ ಕೇಳುತ್ತಿರುವವನಿಗೆ ತಾನು ಕೇಳುತ್ತಿರುವುದು ಗೊತ್ತೇ ಇರುತ್ತದೆ. ಆದುದರಿಂದ ಅವನ ಉತ್ತರದಲ್ಲಿ ನಿರೀಕ್ಷೆಯ ಪಾಲು ಎಷ್ಟೆಂದು ಬೇರ್ಪಡಿಸುವುದು ಕಷ್ಟ.

ಇದಕ್ಕಿಂತ ಕಠಿನವಾದ ಪರೀಕ್ಷೆಯೆಂದರೆ ಸಂಗೀತವನ್ನು ಔಷಧದ ಎದುರಿಗೆ ನಿಲ್ಲಿಸುವುದು. ಭಯ ತಗ್ಗಿಸಲು ವೈದ್ಯರು ಕೊಡುವ ಮಿಡಜೋಲಾಮ್ ಒಳ್ಳೆಯ ಮದ್ದೇ. ಆದರೆ ತೂಕಡಿಕೆ ತರುತ್ತದೆ, ಉಸಿರನ್ನು ಮಂದಗೊಳಿಸಬಲ್ಲುದು, ವೃದ್ಧರಲ್ಲಿ ಕೆಲವೊಮ್ಮೆ ಬುದ್ಧಿಭ್ರಮಣೆ ಉಂಟುಮಾಡುತ್ತದೆ. 2009ರಲ್ಲಿ ಪ್ರಕಟವಾದ, 372 ರೋಗಿಗಳನ್ನೊಳಗೊಂಡ ಸ್ವೀಡನ್ನಿನ ಪ್ರಯೋಗದಲ್ಲಿ ಸಂಗೀತವು ಬಾಯಿಯ ಮೂಲಕ ಕೊಟ್ಟ ಈ ಮದ್ದಿಗಿಂತ ಮೇಲಾಯಿತು. 2019ರಲ್ಲಿ ಪ್ರಕಟವಾದ, ಕೇನನ ನಾಡಾದ ಪೆನ್ಸಿಲ್ವೇನಿಯಾದ್ದೇ ಆದ ಇನ್ನೊಂದು ಪ್ರಯೋಗವು ಇಷ್ಟು ಉದಾರವಲ್ಲ. ನರದ ಬಳಿ ಮರಗಟ್ಟಿಸುವ ಚುಚ್ಚುಮದ್ದು ಪಡೆಯಲಿದ್ದ 157 ಮಂದಿಯಲ್ಲಿ ಕೆಲವರಿಗೆ ಮಿಡಜೋಲಾಮ್, ಉಳಿದವರಿಗೆ ಕಿವಿಗೆ ಹೆಡ್‌ಫೋನ್ ಇಟ್ಟು ಒಂದೇ ಸಂಗೀತ. ಆತಂಕದ ಇಳಿಕೆ ಎರಡು ಕಡೆಯೂ ಹೆಚ್ಚುಕಡಿಮೆ ಸಮ. ಆದರೆ ಮದ್ದು ಪಡೆದವರ ತೃಪ್ತಿ ಹೆಚ್ಚು. ಸಂಗೀತದ ಗುಂಪಿನಲ್ಲಿ ಮಾತುಕತೆಯೂ ಕಷ್ಟವಾಯಿತು.

ನನಗೆ ಈ ಎರಡನೆಯ ಫಲಿತಾಂಶವೇ ಹೆಚ್ಚು ಬೋಧಪ್ರದವೆಂದು ತೋರುತ್ತದೆ. ಎಲ್ಲರಿಗೂ ಒಂದೇ ಸಂಗೀತ ಹಿತವಾಗುವುದೆಂದು ಏಕೆ ಭಾವಿಸಬೇಕು? ಇಂಥ ರೋಗಕ್ಕೆ ಇಂಥ ರಾಗವೆಂದು ಪಟ್ಟಿ ಬರೆದುಕೊಡುವವರು ನಮ್ಮಲ್ಲಿಯೂ ಇದ್ದಾರೆ. ಆ ಪಟ್ಟಿಗಳನ್ನು ನಂಬಲು ನಾನು ಸಿದ್ಧನಿಲ್ಲ. ಮನಸ್ಸು ಏಕಕಾಲಕ್ಕೆ ಹೆಚ್ಚು ಸಂಗತಿಗಳನ್ನು ಹಿಡಿಯಲಾರದು. ಪರಿಚಿತವಾದ ಹಾಡು ಅದನ್ನು ತನ್ನೆಡೆಗೆ ಸೆಳೆದಷ್ಟೂ ಭಯಕ್ಕೆ ಎಡೆ ಕಡಮೆ. ಹಾಗಾದರೆ ಆರಿಸಬೇಕಾದವನು ರೋಗಿಯೇ. ಮೂಡಬಿದರೆಯ ಕಡೆಯ ಮುದುಕರೊಬ್ಬರಿಗೆ ಭಾಗವತರ ಪದವೇ ಬೇಕಾದೀತು, ಧಾರವಾಡದವರಿಗೆ ಖ್ಯಾಲ್, ನಮ್ಮ ವಯಸ್ಸಿನವರಿಗೆ ಸಿನಿಮಾ ಹಾಡು. ಏನೂ ಬೇಡ, ಮಗಳು ಹತ್ತಿರ ಕೂತಿರಲಿ ಎನ್ನುವವರ ಮೇಲೆ ಸಂಗೀತ ಹೇರುವುದೂ ಸಲ್ಲದು.

ಇದಕ್ಕೆ ಹಣ ಹೆಚ್ಚು ಬೇಕಿಲ್ಲ. ರೋಗಿಯ ಮನೆಯವರ ಮೊಬೈಲು ಸಾಕು. ಬೇಕಾದುದು ಕ್ರಮ. ಶಸ್ತ್ರಚಿಕಿತ್ಸೆಯ ವಿವರಣೆ, ಸಹಿ, ಕೊನೆಯ ಸಲ ಉಂಡದ್ದು ಯಾವಾಗ, ಯಾವ ಮದ್ದು ಒಗ್ಗದು ಎಂಬ ಪ್ರಶ್ನೆಗಳೆಲ್ಲ ಮುಗಿದ ಮೇಲೆಯೇ ಹಾಡು ಆರಂಭವಾಗಬೇಕು, ಧ್ವನಿ ಮೆಲ್ಲಗಿರಬೇಕು, ದಾದಿ ಹೆಸರು ಕೂಗಿದರೆ ರೋಗಿಗೆ ಕೇಳಿಸುವಂತೆ ಒಂದು ಕಿವಿ ತೆರೆದಿರಬೇಕು.