ಬಾಲ್ಕನಿ ಮುಚ್ಚಿಸಬೇಡಿ

ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಐದು ಜನ, ಕೆಳಗೆ ಮುಖ್ಯರಸ್ತೆ. ಬಾಲ್ಕನಿಗೆ ಗಾಜು ಹಾಕಿಸಿ ಧ್ಯಾನದ ಕೋಣೆ ಮಾಡಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡಮ್ಮ. ಮನೆಯಲ್ಲಿ ರಸ್ತೆಯ ಸದ್ದು ಮೊದಲು ಬಡಿಯುವ ಜಾಗವೇ ಅದು. ಮುಚ್ಚಿದರೆ ಒಳಗೆ ಬರುವ ಗಾಳಿಯೂ ಹೋಗುತ್ತದೆ.

ಕೂರಲು ನಾಲ್ಕಡಿ ಉದ್ದ, ನಾಲ್ಕಡಿ ಅಗಲ ಸಾಕು. ಹಿಂಬದಿಯ ಮಲಗುವ ಕೋಣೆಯಲ್ಲಿ, ಕಿಟಕಿಯಿಂದ ದೂರದ ಮೂಲೆ ಹುಡುಕಿ. ಹಠಯೋಗ ಪ್ರದೀಪಿಕೆ ಎಂಬ ಯೋಗಗ್ರಂಥ ವರ್ಣಿಸುವ ಸಾಧನೆಯ ಕುಟೀರವೂ ಚಿಕ್ಕದೇ: ಸಣ್ಣ ಬಾಗಿಲು, ತೂತು ಬಿರುಕುಗಳಿಲ್ಲದ ಗೋಡೆ. ಸದ್ದಿನ ವಿಷಯದಲ್ಲಿ ಈ ಬಿರುಕಿನ ಮಾತೇ ಮುಖ್ಯ. ಗಾಳಿ ನುಸುಳುವ ಸಂದಿಯಲ್ಲೆಲ್ಲ ಸದ್ದೂ ನುಸುಳುತ್ತದೆ. ಕಿಟಕಿಯ ಚೌಕಟ್ಟಿಗೆ ರಬ್ಬರ್ ಪಟ್ಟಿ ಹಾಕಿಸಿ, ಬಾಗಿಲ ಕೆಳಗಿನ ಸಂದಿಯನ್ನೂ ಮುಚ್ಚಿಸಿ. ಗೋಡೆಗೆ ಅಂಟಿಸುವ ಫೋಮ್ ಹಾಳೆಗಳಿಗೆ ಹಣ ಸುರಿಯಬೇಡಿ. ಅವು ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸುತ್ತವೆ, ಹೊರಗಿನ ಹಾರ್ನ್ ತಡೆಯುವುದಿಲ್ಲ. ಪಕ್ಕದ ಮನೆಯ ಟಿ.ವಿ. ಕೇಳಿಸುವ ಗೋಡೆಗೆ ಬಟ್ಟೆ ತುಂಬಿದ ಬೀರು ಸೇರಿಸಿಟ್ಟರೆ ಕೊಂಚ ತಗ್ಗೀತು.

ನೆಲಕ್ಕೆ ಚಾಪೆ, ಮೇಲೆ ಮಡಚಿದ ಜಮಖಾನ. ಮಂಡಿನೋವಿರುವ ನಿಮ್ಮ ಅತ್ತೆಯವರಿಗೆ ಒಂದು ಗಟ್ಟಿ ಕುರ್ಚಿ. 2700 ಕೆಲ್ವಿನ್‌ನ ಹಳದಿ ಬಲ್ಬು, ಕಣ್ಣಿಗೆ ನೇರ ಬೀಳದಂತೆ. ಕಿಟಕಿ ಮುಚ್ಚಿದ್ದಾಗ ಊದುಬತ್ತಿ ಖಂಡಿತ ಬೇಡ. ಹೊಗೆಯ ಸೂಕ್ಷ್ಮ ಕಣಗಳು ಅಲ್ಲೇ ಉಳಿದು ಮಕ್ಕಳ ಶ್ವಾಸಕೋಶ ಸೇರುತ್ತವೆ.

ಖರ್ಚಿಗೆ ಮುಂಚೆ ಒಂದು ವಾರ ಬೇರೆ ಬೇರೆ ಮೂಲೆಯಲ್ಲಿ ಕೂತು ನೋಡಿ. ಧ್ಯಾನಕ್ಕೆ ಕೂರುವ ಅರ್ಧ ಗಂಟೆ ನಿಮ್ಮನ್ನು ಯಾರೂ ಕರೆಯದಂತೆ ಮನೆಯವರನ್ನೆಲ್ಲ ಕೂರಿಸಿಕೊಂಡು ಇಂದೇ ಮಾತಾಡಿ.