ಹುಲ್ಲಿನ ಲಾರಿ: ಬಾಡಿಗೆ ಹುಲ್ಲಿಗೋ, ಗಾಳಿಗೋ?



ಸಂಕ್ರಾಂತಿ ಕಳೆದು ಬಿಸಿಲು ಏರುತ್ತಿದ್ದಂತೆ ಹಿತ್ತಲಿನ ಮೆದೆ ಕರಗತೊಡಗುತ್ತದೆ. ರಾಗಿ ಹುಲ್ಲು ಸಾಲದ ಮನೆಗಳು ಭತ್ತದ ಹುಲ್ಲಿಗಾಗಿ ಗಂಗಾವತಿ, ಸಿಂಧನೂರಿನ ಕಡೆಗೋ ಮಂಡ್ಯದ ನಾಲೆ ಬಯಲಿಗೋ ಫೋನು ಹಚ್ಚುತ್ತವೆ. ಗದ್ದೆಯ ಬದುವಿನಲ್ಲಿ ಹುಲ್ಲು ಅಗ್ಗವೇ. ಮನೆ ಬಾಗಿಲಿಗೆ ಬರುವಷ್ಟರಲ್ಲಿ ಅದು ದುಬಾರಿಯಾಗಲು ಮುಖ್ಯ ಕಾರಣ ಲಾರಿ ಬಾಡಿಗೆ. ಬಾಡಿಗೆ ಏರಿತೆಂದು ಡೇರಿಯಲ್ಲಿ ಹಾಲಿನ ದರ ಏರುವುದಿಲ್ಲ. ಆ ಹಣ ನಮ್ಮ ಬಟವಾಡೆಯಿಂದಲೇ ಹೋಗುತ್ತದೆ. ಆದ್ದರಿಂದ ಈ ಸಲದ ಪಾಠ ಲಾರಿ ತುಂಬುವ ಲೆಕ್ಕ.

ಲಾರಿ ತುಂಬುವುದು ಎರಡು ಬಗೆ. ಪಶು ಆಹಾರದ 50 ಕೆ.ಜಿ. ಚೀಲ ಹೇರಿದರೆ ಲಾರಿಯಲ್ಲಿ ಜಾಗ ಉಳಿದಿರುವಾಗಲೇ ತೂಕದ ಮಿತಿ ಮುಟ್ಟುತ್ತದೆ. ಹುಲ್ಲು ಹೇರಿದರೆ ಜಾಗ ಮುಗಿದುಹೋಗುತ್ತದೆ, ತೂಕ ಮಾತ್ರ ಅರ್ಧಕ್ಕೂ ಬಂದಿರುವುದಿಲ್ಲ. ಲಾರಿಯವರು ಬಾಡಿಗೆ ಕೇಳುವುದು ಸಾಮಾನ್ಯವಾಗಿ ಒಂದು ಟ್ರಿಪ್ಪಿಗೆ ಇಷ್ಟು ಎಂದು. ಹುಲ್ಲಿನ ಎಳೆಗಳ ನಡುವೆ ಇರುವ ಗಾಳಿಗೂ ನಾವು ಬಾಡಿಗೆ ಕೊಟ್ಟೇ ಕೊಡುತ್ತೇವೆ.

ಒಂದು ಲೆಕ್ಕ ಮಾಡಿ ನೋಡೋಣ. ಲಾರಿಯ ಬಾಡಿ 20 ಅಡಿ ಉದ್ದ, 7 ಅಡಿ ಅಗಲ, ಹೇರುವ ಎತ್ತರ 7 ಅಡಿ ಎಂದುಕೊಳ್ಳಿ. ಒಟ್ಟು 980 ಘನ ಅಡಿ, ಅಂದರೆ ಸುಮಾರು 28 ಘನ ಮೀಟರ್. ಸಡಿಲ ಹುಲ್ಲು ಘನ ಮೀಟರಿಗೆ 50 ಕೆ.ಜಿ. ಹಿಡಿದರೆ ಇಡೀ ಲಾರಿಗೆ 1,400 ಕೆ.ಜಿ. ಅದೇ ಹುಲ್ಲನ್ನು ಬೇಲರ್ ಯಂತ್ರದಲ್ಲಿ ಸುತ್ತಿಸಿ, ಘನ ಮೀಟರಿಗೆ 100 ಕೆ.ಜಿ. ಹಿಡಿದರೆ 2,800 ಕೆ.ಜಿ. ಬಾಡಿಗೆ 14,000 ರೂಪಾಯಿ ಆದರೆ ಸಡಿಲ ಹುಲ್ಲಿಗೆ ಕೆ.ಜಿ.ಗೆ 10 ರೂಪಾಯಿ, ರೋಲಿಗೆ 5 ರೂಪಾಯಿ ಬೀಳುತ್ತದೆ. ಬೇಲರ್ ಪುಕ್ಕಟೆ ಅಲ್ಲ. 15 ಕೆ.ಜಿ. ರೋಲಿಗೆ 30 ರೂಪಾಯಿ ಕೊಟ್ಟರೆ ಕೆ.ಜಿ.ಗೆ 2 ರೂಪಾಯಿ. ಅದನ್ನು ಕಳೆದರೂ 3 ರೂಪಾಯಿ ಉಳಿಯುತ್ತದೆ. ದಿನಕ್ಕೆ 5 ಕೆ.ಜಿ. ಒಣಹುಲ್ಲು ತಿನ್ನುವ ಒಂದು ಹಸುವಿಗೆ ದಿನಕ್ಕೆ 15 ರೂಪಾಯಿ, ತಿಂಗಳಿಗೆ 450. ಇವು ಲೆಕ್ಕ ಕಲಿಯಲು ಹಿಡಿದ ಅಂಕಿಗಳು. ನಿಮ್ಮೂರಿನ ಬಾಡಿಗೆ, ನಿಮ್ಮ ಕಡೆಯ ಬೇಲರ್ ದರ ಹಾಕಿ ಮತ್ತೊಮ್ಮೆ ಮಾಡಿ ನೋಡಿ. ಹತ್ತಿರದ ಊರಿನಿಂದ ತರುವಾಗ ಬಾಡಿಗೆ ಕಡಿಮೆ ಇರುವುದರಿಂದ ಕೆಲವೊಮ್ಮೆ ಸಡಿಲ ಹುಲ್ಲೇ ವಾಸಿ ಆಗುವುದೂ ಉಂಟು.

ಈ ಲೆಕ್ಕವನ್ನು ಕೊನೆಯ ಪೈಸೆವರೆಗೆ ಹಿಂಡಿದವರು ಹುಲ್ಲನ್ನು ಹಡಗಿನಲ್ಲಿ ಕಳಿಸುವವರು. ಸೌದಿ ಅರೇಬಿಯಾ ಅಂತರ್ಜಲ ಉಳಿಸಲು ತನ್ನ ನೆಲದಲ್ಲಿ ಹಸಿರು ಮೇವು ಬೆಳೆಯುವುದನ್ನು ಬಹುಮಟ್ಟಿಗೆ ನಿಲ್ಲಿಸಿ, ಹೊರದೇಶದಿಂದ ಕುದುರೆಮಸಾಲೆ ಹುಲ್ಲು ತರಿಸುತ್ತದೆ. ಅಮೆರಿಕದ ಪಶ್ಚಿಮ ಭಾಗದಿಂದ ಜಪಾನ್, ಚೀನಾಕ್ಕೂ ಹೀಗೇ ಒಣಮೇವು ಹೋಗುತ್ತದೆ. 40 ಅಡಿಯ ಎತ್ತರದ ಕಂಟೇನರಿನ ಒಳಜಾಗ ಸುಮಾರು 76 ಘನ ಮೀಟರ್. ಇಲ್ಲೂ ಬಾಡಿಗೆ ಪೆಟ್ಟಿಗೆಗೆ, ತೂಕಕ್ಕಲ್ಲ. ಹಾಗಾಗಿ ಗದ್ದೆಯಲ್ಲಿ ಕಟ್ಟಿದ ಪೆಂಡಿಯನ್ನು ಬಂದರಿಗೆ ಕಳಿಸುವ ಮೊದಲು ದೊಡ್ಡ ಯಂತ್ರದಲ್ಲಿ ಇನ್ನೊಮ್ಮೆ ಒತ್ತುತ್ತಾರೆ. ಆಗ ಒಂದೇ ಪೆಟ್ಟಿಗೆಯಲ್ಲಿ ಸುಮಾರು 25 ಟನ್ ಕೂರುತ್ತದೆ. ಅವರ ಇನ್ನೊಂದು ಜಾಣತನವೂ ಇದೆ. ಏಷ್ಯಾದಿಂದ ಸಾಮಾನು ತುಂಬಿ ಅಮೆರಿಕಕ್ಕೆ ಹೋದ ಕಂಟೇನರುಗಳಲ್ಲಿ ಬಹಳಷ್ಟು ಖಾಲಿ ಮರಳಬೇಕು. ಖಾಲಿ ಮರಳುವುದಕ್ಕಿಂತ ಕಡಿಮೆ ಬಾಡಿಗೆಗಾದರೂ ಹುಲ್ಲು ಹೊತ್ತು ಬರುವುದು ಹಡಗಿನವರಿಗೂ ಲಾಭ.

ಹಾಗೆ ಒತ್ತುವ ಯಂತ್ರ ನಮಗೆ ಎಟುಕದು. ಆದರೆ ಖಾಲಿ ಮರಳುವ ಗಾಡಿ ನಮ್ಮ ರಸ್ತೆಯಲ್ಲೂ ಇದೆ. ನಮ್ಮೂರಿನಿಂದ ತರಕಾರಿ, ಎಳನೀರು ಹೇರಿಕೊಂಡು ಹುಲ್ಲಿನ ಸೀಮೆಯ ಕಡೆ ಹೋಗುವ ಲಾರಿ ಯಾವುದು, ಯಾವ ವಾರ ಹೋಗುತ್ತದೆ ಎಂದು ಮೊದಲೇ ವಿಚಾರಿಸಿದರೆ ಬಾಡಿಗೆ ಚೌಕಾಸಿಗೆ ಬಲ ಬರುತ್ತದೆ. ಸಂಘದ ಕಾರ್ಯದರ್ಶಿಗಿಂತ ಸಂತೆಗೆ ಹೋಗಿಬರುವ ಹೆಂಗಸರಿಗೇ ಈ ಸುದ್ದಿ ಬೇಗ ಸಿಗುತ್ತದೆ ಎಂಬುದು ನನ್ನ ಅನಿಸಿಕೆ.

ಇನ್ನು ಹೇರುವ ರೀತಿ. ರೋಲುಗಳನ್ನು ಒಂದರ ನೆತ್ತಿಯ ಮೇಲೆ ಇನ್ನೊಂದರಂತೆ ಇಟ್ಟರೆ ನೂರರಲ್ಲಿ 21 ಪಾಲು ಜಾಗ ಸಂದಿಯಲ್ಲೇ ಹೋಗುತ್ತದೆ. ಸಂತೆಯಲ್ಲಿ ಕಿತ್ತಳೆ ಪೇರಿಸುವಂತೆ, ಕೆಳಗಿನ ಎರಡು ರೋಲುಗಳ ನಡುವಿನ ತಗ್ಗಿನಲ್ಲಿ ಮೇಲಿನದನ್ನು ಕೂರಿಸಿದರೆ ಸಂದಿ 9 ಪಾಲಿನ ಹತ್ತಿರ ಬರುತ್ತದೆ. ಲಾರಿಯ ಅಂಚಿನಲ್ಲಿ ಸ್ವಲ್ಪ ಜಾಗ ಕಳೆಯುವುದು ನಿಜ, ಆದರೂ ಸಾಮಾನ್ಯವಾಗಿ ಕೆಲವು ರೋಲು ಹೆಚ್ಚು ಹಿಡಿಯಬಹುದು, ದಾರಿಯಲ್ಲಿ ಉರುಳುವುದೂ ಕಡಿಮೆ. ಜಾಗ ಸಾಲದೆಂದು ಎತ್ತರ ಏರಿಸುವುದು, ಎರಡೂ ಬದಿಗೆ ಚಾಚಿಸುವುದು ಬೇಡ. ಜೋತಾಡುವ ಕರೆಂಟ್ ತಂತಿ ತಗುಲಿ ಹುಲ್ಲಿನ ಲಾರಿ ಸುಟ್ಟುಹೋದ ಸುದ್ದಿ ಪ್ರತಿ ಬೇಸಿಗೆಯೂ ಓದುತ್ತೇವೆ. ಊರೊಳಗಿನ ಓಣಿಯ ತಂತಿ ಎಷ್ಟು ತಗ್ಗಿದೆ ಎಂಬುದು ಹೊರಗಿನ ಡ್ರೈವರಿಗೆ ಗೊತ್ತಿರುವುದಿಲ್ಲ, ನಾವೇ ಹೇಳಬೇಕು.

ಬಿಗಿಯಾಗಿ ಸುತ್ತಿದ ಹುಲ್ಲಿಗೆ ಒಂದು ಅಪಾಯವಿದೆ. ಹಸಿ ಇದ್ದಾಗ ಸುತ್ತಿದರೆ ಒಳಗೆ ಕಾವು ಹುಟ್ಟಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಮೇವಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಹಸುವಿನ ಹೊಟ್ಟೆ ಸೇರಿದರೆ ಹಾಲಿನಲ್ಲೂ ಬರುತ್ತದೆ. ಕೊಳ್ಳುವ ಮುಂಚೆ ನಾಲ್ಕೈದು ರೋಲುಗಳ ನಡುವಿನಿಂದ ಒಂದೊಂದು ಹಿಡಿ ಹುಲ್ಲು ಎಳೆದು ತಿರುಚಿ. ಪಟಪಟ ಮುರಿದರೆ ಒಣಗಿದೆ, ಹಗ್ಗದಂತೆ ಬಾಗಿದರೆ ಹಸಿ. ಕೈ ಒಳಗೆ ತೂರಿಸಿದಾಗ ಬೆಚ್ಚಗಿದ್ದರೆ, ಮುಗ್ಗಲು ವಾಸನೆ ಬಂದರೆ ಬೇಡವೆನ್ನಿ. ಹಸಿ ಹುಲ್ಲು ತಂದರೆ ನೀರಿಗೂ ಬಾಡಿಗೆ ಕೊಟ್ಟಂತೆ. ಇದೇ ಕಾರಣಕ್ಕೆ ನೇಪಿಯರ್‌ನಂಥ ಹಸಿಮೇವನ್ನು ದೂರದಿಂದ ತರಿಸುವುದು ನನಗೆ ಒಪ್ಪಿಗೆಯಾಗದು. ಅದರ ಒಂದು ಟನ್ನಿನಲ್ಲಿ ಒಣ ಅಂಶ ಸುಮಾರು 200 ಕೆ.ಜಿ., ಉಳಿದದ್ದು ನೀರು. ಹಸಿರು ಹೊಲದಂಚಿನಲ್ಲಿ ಬೆಳೆಯಲಿ, ಒಣದು ಬೇಕಾದರೆ ದೂರದಿಂದ ಬರಲಿ.

ರೋಲಿಗೆ ಇಷ್ಟು ಎಂದು ಬೆಲೆ ಮಾತಾಡುವಾಗ ಎಚ್ಚರ. ಒಂದು ಯಂತ್ರದ ರೋಲು 12 ಕೆ.ಜಿ. ಇದ್ದರೆ ಇನ್ನೊಂದರದ್ದು 20 ಇರಬಹುದು. ಹತ್ತು ರೋಲು ತೂಗಿಸಿ ಸರಾಸರಿ ತೆಗೆಯಿರಿ. ಇನ್ನೂ ಒಳ್ಳೆಯದೆಂದರೆ, ಖಾಲಿ ಲಾರಿಯ ಮತ್ತು ತುಂಬಿದ ಲಾರಿಯ ವೇ ಬ್ರಿಡ್ಜ್ ಚೀಟಿ ಎರಡನ್ನೂ ಕೇಳಿ ಪಡೆಯಿರಿ.

ಒಬ್ಬೊಬ್ಬರಿಗೆ ಲಾರಿ ತುಂಬದು, ಎಂಟು ಹತ್ತು ಮನೆ ಸೇರಲೇಬೇಕು. ಜಗಳ ಹುಟ್ಟುವುದು ಹಂಚುವಾಗ. ಮೇಲಿನ ಲೆಕ್ಕದ 14,000 ರೂಪಾಯಿಯನ್ನು ಎಂಟು ಮನೆಗೆ ಸಮ ಮಾಡಿದರೆ ತಲಾ 1,750. ಒಂದೇ ಹಸು ಇದ್ದು 200 ಕೆ.ಜಿ. ಹುಲ್ಲು ಪಡೆದವಳಿಗೆ ಕೆ.ಜಿ.ಗೆ ಬಾಡಿಗೆಯೇ 8 ರೂಪಾಯಿ 75 ಪೈಸೆ ಆಯಿತು. ತೂಕದ ಮೇಲೆ ಹಂಚಿದರೆ ಅವಳು ಕೊಡಬೇಕಾದದ್ದು 1,000 ಮಾತ್ರ. ಹಮಾಲಿಯನ್ನೂ ತೂಕದ ಮೇಲೆಯೇ ಹಂಚಿ. ಇಳಿಸುವಾಗ ಒದ್ದೆಯಾದ, ಹರಿದ ರೋಲುಗಳನ್ನು ಬೇರೆ ಇಟ್ಟು, ಒಳ್ಳೆಯವನ್ನು ತೂಗಿ ಕೊಟ್ಟ ಮೇಲೆ ಉಳಿದ ನಷ್ಟವನ್ನೂ ಅದೇ ಪ್ರಮಾಣದಲ್ಲಿ ಎಲ್ಲರ ಹೆಸರಿಗೆ ಬರೆಯಿರಿ. ಲಾರಿ ಬರುವ ಮುಂಚೆಯೇ ಯಾರಿಗೆ ಎಷ್ಟು ಎಂದು ಸಂಘದ ಪುಸ್ತಕದಲ್ಲಿ ಬರೆದು, ಮುಂಗಡ ಪಡೆದು ಸಹಿ ಹಾಕಿಸಿಕೊಳ್ಳಿ. ಮುಂಗಾರು ಭತ್ತದ ಕೊಯ್ಲು ನಡೆಯುವ ನವೆಂಬರ್, ಡಿಸೆಂಬರ್‌ನಲ್ಲಿ ಗದ್ದೆಯಲ್ಲಿ ಹುಲ್ಲು ಧಾರಾಳ. ಈ ಪಟ್ಟಿ ದೀಪಾವಳಿ ಹೊತ್ತಿಗೆ ತಯಾರಾದರೆ ಅನುಕೂಲ.