ಎರಡು ಕಡಲುಗಳನ್ನು ಕೂಡಿಸಿದ ಕಾಲುವೆ

ಕಾಲುವೆ ಎಂದೊಡನೆ ನಮಗೆ ನೆನಪಾಗುವುದು ಗದ್ದೆಗೆ ನೀರುಣಿಸುವ ನಾಲೆ. ಆದರೆ ದೋಣಿಗಳ ಸಂಚಾರಕ್ಕೆಂದೇ ತೋಡಿದ ಕಾಲುವೆಗಳೂ ಉಂಟು. ದಕ್ಷಿಣ ಫ್ರಾನ್ಸಿನ ‘ಕನಾಲ್ ದ್ಯು ಮಿದಿ’ ಅಂಥದು. ನಾನು ಅದನ್ನು ಕಣ್ಣಾರೆ ಕಂಡವನಲ್ಲ. ಇತಿಹಾಸದ ವಿದ್ಯಾರ್ಥಿಯಾಗಿ ಓದಿ ತಿಳಿದುದನ್ನಷ್ಟೇ ಇಲ್ಲಿ ನಿರೂಪಿಸುತ್ತೇನೆ.

ಹಿಂದೆ ಫ್ರಾನ್ಸಿನ ಪಶ್ಚಿಮ ಕರಾವಳಿಯ ಹಡಗು ಮೆಡಿಟರೇನಿಯನ್ ಸಮುದ್ರವನ್ನು ಸೇರಬೇಕಾದರೆ ಸ್ಪೇನ್ ದೇಶವನ್ನು ಬಳಸಿ ಜಿಬ್ರಾಲ್ಟರಿನ ಮೂಲಕ ಹೋಗಬೇಕಾಗಿತ್ತು. ತುಲೂಸ್ ನಗರದವರೆಗೆ ಗರೋನ್ ನದಿಯಿದೆ; ಅಲ್ಲಿಂದ ಪೂರ್ವಕ್ಕೆ ಕಾಲುವೆ ತೋಡಿದರೆ ಎರಡು ಕಡಲುಗಳೂ ಕೂಡುತ್ತವೆ. ಆದರೆ ನಡುವಣ ನೊರೂಜ್ ಎಂಬಲ್ಲಿ ನೆಲ ಸಮುದ್ರಮಟ್ಟದಿಂದ ಸುಮಾರು 190 ಮೀಟರ್ ಎತ್ತರದಲ್ಲಿದೆ. ದೋಣಿಯನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಸಿ ಇಳಿಸಲು ಎರಡು ಬಾಗಿಲುಗಳ ನಡುವೆ ನೀರು ತುಂಬುವ ‘ಲಾಕ್’ಗಳು ಬೇಕು. ಬಾಗಿಲು ತೆರೆದಾಗಲೆಲ್ಲ ನೆತ್ತಿಯ ನೀರು ಕೆಳಗಿಳಿಯುತ್ತದೆ. ಆ ನೆತ್ತಿಗೆ ನೀರೆಲ್ಲಿಂದ ಬರಬೇಕು?

ಇದನ್ನು ಬಿಡಿಸಿದವನು ಉಪ್ಪಿನ ತೆರಿಗೆಯ ಗುತ್ತಿಗೆದಾರ ಪಿಯರ್ ಪಾಲ್ ರಿಕೆ. ‘ಕರಿಬೆಟ್ಟ’ವೆಂಬ ಹೆಸರಿನ ಬೆಟ್ಟದ ತೊರೆಗಳನ್ನು ನಾಲೆಯಿಂದ ನೊರೂಜಿಗೆ ತಿರುಗಿಸಿ, ಬೇಸಗೆಗೆಂದು ಸೇಂಟ್ ಫೆರಿಯೋಲಿನಲ್ಲಿ ಅಣೆಕಟ್ಟು ಕಟ್ಟಿಸಿದನು. 1666ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯ ಅಪ್ಪಣೆ ದೊರೆಯಿತು. ಕೆಲಸ ಭರದಿಂದ ಸಾಗಿದಾಗ ದುಡಿದ ಗಂಡಸರೂ ಹೆಂಗಸರೂ ಸುಮಾರು 12,000 ಮಂದಿ. ಬೆಜಿಯೆ ಊರಿನ ಬಳಿ ಎಂಟು ತೊಟ್ಟಿಗಳ ಲಾಕ್‌ಸಾಲು ದೋಣಿಗಳಿಗೆ ನೀರಿನ ಸೋಪಾನವಾಯಿತು. ರಿಕೆ ತನ್ನ ಸಂಪತ್ತನ್ನೂ ಇದಕ್ಕೆ ಸುರಿದನು. ಆದರೆ 1680ರ ಅಕ್ಟೋಬರಿನಲ್ಲಿ ತೀರಿಕೊಂಡನು. ಕಾಲುವೆ ತೆರೆದದ್ದು 1681ರ ಮೇ ತಿಂಗಳಲ್ಲಿ. ಮಕ್ಕಳಿಗೆ ಉಳಿದದ್ದು ಸಾಲದ ಹೊರೆ.

1857ರಲ್ಲಿ ರೈಲು ಬಂದಮೇಲೆ ಕಾಲುವೆಯ ವ್ಯಾಪಾರ ಕುಗ್ಗಿತು. 1980ರ ದಶಕದ ಕೊನೆಗೆ ಸರಕುದೋಣಿಗಳು ನಿಂತೇಹೋದವು. ಆದರೂ 240 ಕಿಲೋಮೀಟರುಗಳ ಈ ಜಲಮಾರ್ಗ ಪಾಳುಬೀಳಲಿಲ್ಲ. ಇಂದು ವಿಹಾರದ ದೋಣಿಗಳು ಅದೇ ಲಾಕ್‌ಗಳಲ್ಲಿ ನಿಧಾನವಾಗಿ ಏರಿಳಿಯುತ್ತವೆ. ಕುದುರೆಗಳು ದೋಣಿ ಎಳೆಯುತ್ತಿದ್ದ ದಂಡೆಯಲ್ಲಿ ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. 1996ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ದಂಡೆಗೆ ನೆರಳಾಗಿದ್ದ ಪ್ಲೇನ್ ಮರಗಳಿಗೆ ಬೂಷ್ಟಿನ ರೋಗ ತಗುಲಿದುದು 2006ರಲ್ಲಿ ತಿಳಿಯಿತು. ಸಾವಿರಾರು ಮರಗಳನ್ನು ಕಡಿದು, ಬೇರೆ ಸಸಿಗಳನ್ನು ನೆಡುತ್ತಿದ್ದಾರೆ.

ಲೂಯಿ ದೊರೆಯ ಯುದ್ಧಗಳ ಇಸವಿಗಳನ್ನು ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತೇವೆ. ಆತನ ಕಾಲದ ಈ ನೀರು ಇಂದಿಗೂ ದೋಣಿಗಳನ್ನು ಹೊರುತ್ತಿದೆ. ಇತಿಹಾಸದ ಪುಟದಲ್ಲಿ ರಿಕೆಯಂಥವನಿಗೂ ನಾಲ್ಕು ಸಾಲು ಸಲ್ಲಬೇಕೆಂಬುದೇ ನನ್ನ ಅರಿಕೆ.